ಗುಂಡಿನ ಅಳತೆಯ ಏರುಪೇರು (ಪಿಸ್ತೂಲು ಕ್ರೀಡೆ)
ಸ್ವತಃ ತೋಟಾ ತುಂಬಿಕೊಳ್ಳುವ ಶೂಟರ್‌ಗಳನ್ನು ಕಾಡುವ ದೋಷ. ಒಂದೇ ಡಬ್ಬಿಯ ಸೀಸದ ಗುಂಡುಗಳ ವ್ಯಾಸ, ಉದ್ದ, ತೂಕ ಹೊಂದುವುದಿಲ್ಲ. 9 ಮಿ.ಮೀ. ಪಿಸ್ತೂಲಿನ ಗುಂಡಿನ ವ್ಯಾಸ ಸುಮಾರು 9.02 ಮಿ.ಮೀ., .38 ಸ್ಪೆಷಲ್‌ನದು 9.07, ಇಷ್ಟು ಸಣ್ಣ ಅಂತರವನ್ನು ಮೈಕ್ರೋಮೀಟರೇ ಹೇಳಬೇಕು. ಅಚ್ಚಿನ ಬಿಸಿ, ಮಿಶ್ರಲೋಹದ ಪ್ರಮಾಣ ಬದಲಾದರೆ ಅಳತೆಯೂ ಬದಲಾಗುತ್ತದೆ. ದಪ್ಪ ಗುಂಡಿನ ತೋಟಾ ಪಿಸ್ತೂಲಿನೊಳಗೆ ಪೂರ್ತಿ ಕೂರದು. ಸಣ್ಣದು ನಳಿಕೆಗೆ ಸೀಸ ಮೆತ್ತಿ ಗುರಿ ಚೆದರಿಸುತ್ತದೆ. ಗುಂಡು ತೋಟಾದೊಳಗೆ ತೀರಾ ಆಳಕ್ಕೆ ಕುಳಿತರೆ ಒತ್ತಡ ಏರುತ್ತದೆ, ಆಗ ಅದು ಬರೀ ಅಂಕದ ಪ್ರಶ್ನೆಯಲ್ಲ, ಸುರಕ್ಷತೆಯದೂ ಹೌದು.

2000ರ ಸಿಡ್ನಿ ಒಲಿಂಪಿಕ್ಸ್‌ಗೆ ಈ ತಲೆನೋವು ಇರಲಿಲ್ಲ. ಅಲ್ಲಿನ ಶೂಟಿಂಗ್ ಅಂಗಣವಾದ ಸೆಸಿಲ್ ಪಾರ್ಕ್‌ನಲ್ಲಿ ಪಿಸ್ತೂಲು ವಿಭಾಗದಲ್ಲಿ ನಡೆದದ್ದು ಏರ್ ಪಿಸ್ತೂಲು ಮತ್ತು .22 ಸ್ಪರ್ಧೆಗಳು; .22 ತೋಟಾವನ್ನು ಸಾಮಾನ್ಯವಾಗಿ ಯಾರೂ ಮರುಭರ್ತಿ ಮಾಡುವುದಿಲ್ಲ.

2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಾದರೋ ಮರುಭರ್ತಿ ಮಾಡಬಹುದಾದ ತೋಟಾ ಬಳಸುವ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆ ಇತ್ತು. ಜೋಡಿ ವಿಭಾಗದ ಚಿನ್ನ ಭಾರತದ ಸಮರೇಶ್ ಜಂಗ್, ಜಸ್ಪಾಲ್ ರಾಣಾ ಪಾಲಾಯಿತು.