ಪಾಳಿ ಕಾಯುವವರ ಎದುರಿನ ಗೋಡೆ

ಅಂಕೋಲಾ, ಕಾರವಾರದ ಕಡೆಯ ಹಳೆಯ ದವಾಖಾನೆಗಳಲ್ಲಿ ರೋಗಿಗೆ ಸಿಗುತ್ತಿದ್ದ ಆರೋಗ್ಯ ಮಾಹಿತಿ ಓದುವಂಥದ್ದಾಗಿರಲಿಲ್ಲ. ಮಿಕ್ಸ್ಚರ್ ಬಾಟಲಿಗೆ ಕಂಪೌಂಡರ್ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದ. ಪಟ್ಟಿಯನ್ನು ಮಡಚಿ ಅಂಚಿಗೆ ಕತ್ತರಿ ಹಾಕಿ ಬಿಡಿಸಿದರೆ ಹಲ್ಲು ಹಲ್ಲಾಗಿ ಗುರುತು ಮೂಡುತ್ತಿತ್ತು. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧ ಮುಗಿಯಿತು. ಅಗಸೂರಿನಿಂದ ಬಂದ, ಅಕ್ಷರ ಬಾರದ ಅಜ್ಜಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಪಥ್ಯ ಮಾತ್ರ ಬಾಯಿಮಾತು.

ದವಾಖಾನೆಯ ಗೋಡೆ ಮಾತಾಡಲು ಶುರು ಮಾಡಿದ್ದು ಸರ್ಕಾರದ ದನಿಯಲ್ಲಿ. 1960ರ ದಶಕದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು, ಹಿಂದೆಯೇ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಎಂಬ ಘೋಷಣೆ. 1975ರಲ್ಲಿ ದೇಶದಿಂದ ಸಿಡುಬು ಹೋಗುವ ಹೊತ್ತಿಗೆ, ಸಿಡುಬಿನ ಸುದ್ದಿ ಕೊಟ್ಟವರಿಗೆ ಬಹುಮಾನವೆಂಬ ಪೋಸ್ಟರುಗಳೂ ಇದ್ದವು. ಎಲ್ಲವೂ ‘ಮಾಡಿ’, ‘ಬನ್ನಿ’ ಎಂಬ ಅಪ್ಪಣೆ. ಯಾಕೆ, ಹೇಗೆ ಎಂಬುದಕ್ಕೆ ಜಾಗವಿರಲಿಲ್ಲ.

ಅದನ್ನು ವಿವರಿಸುವ ಕೆಲಸವನ್ನು ಕನ್ನಡದಲ್ಲಿ ಮಾಡಿದವರು ವೈದ್ಯ ಲೇಖಕರು. ಹಾಸ್ಯಪತ್ರಿಕೆ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದರು. ಡಾ. ಅನುಪಮಾ ನಿರಂಜನರ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಮನೆಮನೆಗೆ ಹೋದವು. ಗಂಡಸು ಡಾಕ್ಟರ ಮುಂದೆ ಬಾಯಿ ಬಿಡಲಾಗದ ಪ್ರಶ್ನೆಗಳಿಗೆ ಹೆಂಗಸರು ಉತ್ತರ ಕಂಡುಕೊಂಡದ್ದು ಇಂಥ ಪುಸ್ತಕಗಳಲ್ಲೇ. ಯಾವ ಪೋಸ್ಟರೂ ಅಷ್ಟು ದೂರ ಹೋಗಿಲ್ಲ ಎನ್ನುವುದು ನನ್ನ ಅಭಿಪ್ರಾಯ.

1995ರ ಪಲ್ಸ್ ಪೋಲಿಯೊ ನಂತರ ಗೋಡೆ ತುಂಬಿತು. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ ಕಾನೂನಿಗಾಗಿ. ದರಪಟ್ಟಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗಾಗಿ. ಉಳಿದ ಜಾಗ ಔಷಧ ಕಂಪನಿಗಳ ಇಂಗ್ಲಿಷ್ ಚಾರ್ಟಿಗೆ.

ಇವುಗಳ ನಡುವೆ ಬೆಲೆಬಾಳುವುದು ಮಂಗನ ಕಾಯಿಲೆಯ ಹಾಳೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಸಿದ್ದಾಪುರ, ಹೊನ್ನಾವರದ ಕಡೆಯೂ ಕಾಡಿದೆ. ಕಾಡಿಗೆ ಹೋಗುವ ಮುನ್ನ ಮೈಗೆ ತೈಲ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಿರಿ, ಮಂಗ ಸತ್ತಿದ್ದರೆ ತಿಳಿಸಿ: ತರಗೆಲೆ ಗುಡಿಸುವವರು ಅಂದೇ ಮಾಡಬಹುದಾದ ಕೆಲಸಗಳು. ಹಳೆಯ ಲಸಿಕೆ 2022ರಲ್ಲಿ ನಿಂತ ಮೇಲಂತೂ ಈ ಮುನ್ನೆಚ್ಚರಿಕೆಯೇ ಆಸರೆ.

ಬರೀ ಅಂಟಿಸಿದರೆ ಆಗುವುದೂ ಅಷ್ಟಕ್ಕಷ್ಟೇ. ಫ್ರಾನ್ಸಿನ ಲೀಲ್ ಭಾಗದಲ್ಲಿ ಡಾಕ್ಟರುಗಳ ನಿರೀಕ್ಷಣಾ ಕೋಣೆಯಲ್ಲಿ ಫ್ಲೂ ಲಸಿಕೆಯ ಪೋಸ್ಟರು, ಕರಪತ್ರ ಇಟ್ಟು ಪರೀಕ್ಷಿಸಿದರು. ಲಸಿಕೆ ಹಾಕಿಸಿಕೊಂಡವರ ಸಂಖ್ಯೆ ಹೆಚ್ಚಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು.

ಈಗ ಬೆಂಚಿನ ಮೇಲೆ ಹೆಚ್ಚಾಗಿ ಕಾಣುವುದು ಬಿಪಿ, ಶುಗರಿನವರು. ಕಂಪನಿಯ ಆಹಾರ ಪಟ್ಟಿಯಲ್ಲಿ ಓಟ್ಸ್ ಇರುತ್ತದೆ, ಒಣಮೀನು ಇರುವುದಿಲ್ಲ. ಕುಚ್ಚಲಕ್ಕಿ ಗಂಜಿ ಎಷ್ಟು ಉಣ್ಣಬಹುದು, ಮಳೆಗಾಲಕ್ಕೆ ಉಪ್ಪು ಹಾಕಿಟ್ಟ ಮೀನನ್ನು ಬಿಡಲೇಬೇಕೇ ಎಂದು ಡಾಕ್ಟರನ್ನೇ ಕೇಳಬೇಕು. ಆದರೆ 67 ದೇಶಗಳ ಮಾಹಿತಿ ಕಲೆಹಾಕಿದ 2017ರ ಒಂದು ಅಧ್ಯಯನದ ಪ್ರಕಾರ, ಭಾರತದ ಡಾಕ್ಟರು ಒಬ್ಬ ರೋಗಿಯೊಂದಿಗೆ ಕಳೆಯುವುದು ಸುಮಾರು ಎರಡು ನಿಮಿಷ.