ತಾಯಿಯ ಹಾಲು, ತಾಯಿಯ ಕೂಲಿ

ತಾಯಿಯ ಹಾಲಿಗೆ ಬೆಲೆ ಕಟ್ಟಲಾಗದೆಂದು ನಾವೆಲ್ಲರೂ ಹೇಳುವುದುಂಟು. ಭಾವನೆಯ ಮಟ್ಟಿಗೆ ಆ ಮಾತು ನಿಜ. ಚರಿತ್ರೆಯ ಮಟ್ಟಿಗೆ ಅಲ್ಲ. ಆ ಹಾಲಿಗೆ ತಿಂಗಳ ಲೆಕ್ಕದಲ್ಲಿ ದರವಿದ್ದ ನಗರಗಳಿದ್ದವು. ಅದನ್ನು ಒದಗಿಸಿಕೊಡುವ ಸರ್ಕಾರಿ ಕಚೇರಿಯೂ ಇದ್ದಿತು. ಆ ದರವನ್ನು ತೆರಲಾರದೆ ಸೆರೆಮನೆ ಸೇರಿದ ತಂದೆಯರೂ ಇದ್ದರು. ಹದಿನೆಂಟನೆಯ ಶತಮಾನದ ಪ್ಯಾರಿಸ್ ಅಂಥದೊಂದು ನಗರ. ಅಲ್ಲಿಯ ವೃತ್ತಾಂತವನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

1780ರಲ್ಲಿ ಆ ನಗರದ ಪೊಲೀಸು ಮುಖ್ಯಾಧಿಕಾರಿಯಾಗಿದ್ದ ಲೆನ್ವಾರ್ ಎಂಬಾತನು ಒಂದು ಲೆಕ್ಕವನ್ನು ಕೊಟ್ಟನು. ವರ್ಷವೊಂದಕ್ಕೆ ಅಲ್ಲಿ ಹುಟ್ಟುತ್ತಿದ್ದ ಸುಮಾರು 21,000 ಶಿಶುಗಳ ಪೈಕಿ ಹೆತ್ತ ತಾಯಿಯ ಹಾಲನ್ನು ಕುಡಿಯುತ್ತಿದ್ದವು ಸುಮಾರು 1,000 ಮಾತ್ರ. ಮತ್ತೊಂದು ಸಾವಿರ ಶಿಶುಗಳಿಗೆ ಮನೆಯಲ್ಲಿಯೇ ಇರಿಸಿಕೊಂಡ ಹಾಲುದಾದಿಯರಿದ್ದರು. ಎರಡು ಮೂರು ಸಾವಿರ ಶಿಶುಗಳು ನಗರದ ಸುತ್ತಮುತ್ತಲ ಊರುಗಳಲ್ಲಿ ಬೆಳೆಯುತ್ತಿದ್ದವು. ಉಳಿದ ಬಹುಪಾಲು ಮಕ್ಕಳನ್ನು ಬಂಡಿಗಳಲ್ಲಿ ಹೇರಿ ದೂರದ ಹಳ್ಳಿಗಳ ದಾದಿಯರ ಬಳಿಗೆ ಕಳುಹಿಸಲಾಗುತ್ತಿತ್ತು. ಇವು ಅಂದಾಜಿನ ಅಂಕಿಗಳೇ ಸರಿ. ಆದರೂ ಪದ್ಧತಿಯ ವ್ಯಾಪ್ತಿಯನ್ನು ಅವು ನಮಗೆ ಚೆನ್ನಾಗಿ ತಿಳಿಸುತ್ತವೆ.

ಇದು ಸಿರಿವಂತ ಸ್ತ್ರೀಯರ ವಿಲಾಸವಷ್ಟೇ ಎಂದು ಭಾವಿಸಿದರೆ ನಾವು ತಪ್ಪಿದಂತೆ. ಮನೆಗೆ ದಾದಿಯನ್ನು ಕರೆಸಿಕೊಳ್ಳುವ ಶಕ್ತಿ ಸಿರಿವಂತರಿಗೆ ಮಾತ್ರ ಇದ್ದಿತು. ಹಳ್ಳಿಗೆ ಮಗುವನ್ನು ಕಳುಹಿಸುತ್ತಿದ್ದವರು ಮುಖ್ಯವಾಗಿ ಅಂಗಡಿಕಾರರು, ಕಸಬುದಾರರು, ಕೂಲಿಕಾರರು. ಲಿಯೋನ್ ನಗರದ ರೇಷ್ಮೆ ನೇಯ್ಗೆಯವರ ಸಂಸಾರವನ್ನು ನೆನೆದರೆ ಕಾರಣ ಸ್ಪಷ್ಟವಾಗುತ್ತದೆ. ಅಲ್ಲಿ ಗಂಡನ ಮಗ್ಗಕ್ಕೆ ಹೆಂಡತಿಯ ಕೈಗಳೂ ಬೇಕು. ಆಕೆ ಮಗುವಿಗೆಂದು ಕೆಲಸ ಬಿಟ್ಟರೆ ಸಂಸಾರಕ್ಕಾಗುವ ನಷ್ಟವು ಹಳ್ಳಿಯ ದಾದಿಗೆ ಕೊಡುವ ಸಂಬಳಕ್ಕಿಂತ ಹೆಚ್ಚು. ಆದುದರಿಂದ ಮಗು ಹಳ್ಳಿಗೆ ಹೋಯಿತು. ತಾಯಿ ಮಗ್ಗದ ಬಳಿಯಲ್ಲೇ ಉಳಿದಳು. ಹಾಲೂಡಿಸದ ತಾಯಿ ಬೇಗನೆ ಮತ್ತೆ ಗರ್ಭಿಣಿಯಾಗುತ್ತಿದ್ದಳು. ಮತ್ತೊಂದು ಮಗು ಮತ್ತೊಂದು ಬಂಡಿಯನ್ನು ಏರುತ್ತಿತ್ತು. ಹೀಗೆ ಹೋದ ಮಕ್ಕಳಲ್ಲಿ ಬಹು ಮಂದಿ ಹಿಂದಿರುಗಲಿಲ್ಲ.

ಸರ್ಕಾರವು ಕೈಕಟ್ಟಿ ಕುಳಿತಿರಲಿಲ್ಲ. 1769ರಲ್ಲಿ ಪ್ಯಾರಿಸ್ಸಿನ ದಾದಿಯರ ವ್ಯವಹಾರವನ್ನೆಲ್ಲ ಒಂದು ಕಚೇರಿಯ ಅಧೀನಕ್ಕೆ ತರಲಾಯಿತು. ಹಳ್ಳಿಯ ದಾದಿಗೆ ಸಂಬಳವನ್ನು ಕಚೇರಿಯೇ ಮುಂದಾಗಿ ಕೊಟ್ಟು, ಅನಂತರ ತಂದೆಯಿಂದ ವಸೂಲು ಮಾಡುತ್ತಿತ್ತು. ಬಾಕಿ ನಿಲ್ಲಿಸಿಕೊಂಡ ತಂದೆಗೆ ಸೆರೆಮನೆ. ಅಂಥವರ ಸಾಲವನ್ನು ತೀರಿಸಿ ಬಿಡಿಸುವುದು ಅಂದಿನ ಧರ್ಮಕಾರ್ಯಗಳಲ್ಲಿ ಒಂದಾಗಿತ್ತು.

1762ರಲ್ಲಿ ರೂಸೋ ಮಹಾಶಯನು ತನ್ನ ‘ಎಮೀಲ್’ ಗ್ರಂಥದಲ್ಲಿ ತಾಯಂದಿರು ತಮ್ಮ ಮಕ್ಕಳಿಗೆ ತಾವೇ ಹಾಲೂಡಿಸಬೇಕೆಂದು ಬಹು ಆವೇಶದಿಂದ ಬೋಧಿಸಿದನು. ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಒಪ್ಪಿಸಿದ್ದವನು ಆತನೇ ಎಂಬುದು ಬೇರೆಯ ಮಾತು. ಬೋಧೆಯು ಕುಲೀನ ಸ್ತ್ರೀಯರಿಗೆ ಹಿಡಿಸಿತು. ಹಾಲೂಡಿಸುವುದು ಅವರಲ್ಲಿ ಒಂದು ಹೊಸ ಶಿಷ್ಟಾಚಾರವೇ ಆಯಿತು. ಆದರೆ ಮಗ್ಗದ ಮುಂದಿನ ತಾಯಿಗೆ ಬೋಧೆಯಿಂದ ಏನಾಗಬೇಕಾಗಿತ್ತು? ಆಕೆಯ ಕಷ್ಟವನ್ನು ಬಲ್ಲವನು ನಾಟಕಕಾರ ಬೋಮಾರ್ಷೆ. 1784ರಲ್ಲಿ ಆತನು ತನ್ನ ‘ಫಿಗಾರೋವಿನ ಮದುವೆ’ ನಾಟಕದ ಉತ್ಪತ್ತಿಯನ್ನು ಹಾಲೂಡಿಸುವ ಬಡ ತಾಯಂದಿರ ಸಹಾಯಕ್ಕೆ ಕೊಡಲು ಮುಂದೆ ಬಂದನು. ಆ ಯೋಜನೆಯನ್ನು ಕೈಗೊಂಡದ್ದು ಲಿಯೋನ್ ನಗರ. 1788ರಲ್ಲಿ ಪ್ಯಾರಿಸ್ಸಿನಲ್ಲಿಯೂ ಅಂಥದೇ ಉದ್ದೇಶದ ಒಂದು ಧರ್ಮಸಂಘವು ಹುಟ್ಟಿತು. ಒಬ್ಬನು ಉಪದೇಶವನ್ನು ಕೊಟ್ಟನು. ಮತ್ತೊಬ್ಬನು ನಷ್ಟವಾಗುವ ಕೂಲಿಯನ್ನು ತುಂಬಿಕೊಡಲು ನೋಡಿದನು. ಇವೆರಡರ ಅಂತರವನ್ನು ನಾವು ಗಮನಿಸಬೇಕು.

ಇಷ್ಟು ಹೊತ್ತು ನಾವು ಹಾಲನ್ನು ಕೊಂಡವರ ಮಕ್ಕಳನ್ನು ಕುರಿತು ಮಾತನಾಡಿದೆವು. ಹಾಲನ್ನು ಮಾರಿದವಳ ಮಗುವಿನ ಗತಿಯೇನು? ನಮ್ಮ ಚರಕಸಂಹಿತೆಯು ಧಾತ್ರಿಯ ಲಕ್ಷಣಗಳನ್ನು ಹೇಳುವಾಗ, ಆಕೆ ಸಮಾನವರ್ಣದವಳೂ ರೋಗವಿಲ್ಲದವಳೂ ಆಗಿರಬೇಕೆಂದು ಹೇಳಿ, ಆಕೆಯ ಸ್ವಂತ ಮಗು ಬದುಕಿರಬೇಕೆಂದೂ ಸೇರಿಸುತ್ತದೆ. ಆದರೆ ಅದು ಧಾತ್ರಿಯ ಯೋಗ್ಯತೆಯನ್ನು ಪರೀಕ್ಷಿಸುವ ಮಾತು; ಆ ಮಗುವಿನ ರಕ್ಷಣೆಯ ಮಾತಲ್ಲ. ಫ್ರಾನ್ಸಿನಲ್ಲಿ ರೈಲು ಬಂದ ಮೇಲೆ ಮೊರ್ವಾನ್ ಪ್ರಾಂತದ ಬಡ ಹೆಂಗಸರು ತಮ್ಮ ಹಸುಗೂಸುಗಳನ್ನು ಊರಿನಲ್ಲಿ ಬಿಟ್ಟು, ಪ್ಯಾರಿಸ್ಸಿನ ದೊಡ್ಡ ಮನೆಗಳಿಗೆ ದಾದಿಯರಾಗಿ ಹೋದರು. ಹಿಂದೆ ಉಳಿದ ಕೂಸುಗಳ ಸಾವನ್ನು ಕುರಿತು ಅಲ್ಲಿಯ ವೈದ್ಯನಾದ ಮೊನೋ ಎಂಬಾತನು 1867ರಲ್ಲಿ ಬರೆದು ದೇಶದ ಕಣ್ಣು ತೆರೆಸಿದನು. 1874ರಲ್ಲಿ ರೂಸೆಲ್ ಎಂಬ ವೈದ್ಯನ ಹೆಸರಿನ ಶಾಸನವು ಬಂದಿತು. ಮನೆಯ ದಾದಿಯಾಗಿ ಹೋಗುವವಳ ಮಗುವಿಗೆ ಏಳು ತಿಂಗಳಾದರೂ ತುಂಬಿರಬೇಕು, ಇಲ್ಲವೆ ಅದಕ್ಕೆ ಮತ್ತೊಬ್ಬಳು ಹಾಲೂಡಿಸುತ್ತಿರಬೇಕು ಎಂದು ಅದು ವಿಧಿಸಿತು. ದಾದಿಯ ಮಗುವೂ ಮಗುವೇ ಎಂದು ಶಾಸನವು ಒಪ್ಪಿಕೊಂಡಿತು.

ಪ್ಯಾರಿಸ್ಸಿನ ಕಚೇರಿ 1876ರಲ್ಲಿ ಮುಚ್ಚಿತು. ಅಷ್ಟರಲ್ಲಿ ಸೀಸೆಯ ಹಾಲೂ 1867ರಲ್ಲಿ ನೆಸ್ಲೆಯು ತಯಾರಿಸಿದಂಥ ಹಿಟ್ಟುಗಳೂ ರೂಢಿಗೆ ಬರತೊಡಗಿದ್ದವು. ವ್ಯಾಪಾರವು ದಾದಿಯಿಂದ ಡಬ್ಬಿಗೆ ದಾಟಿತು. ಅಶುದ್ಧವಾದ ನೀರಿನಲ್ಲಿ, ಉಳಿತಾಯಕ್ಕಾಗಿ ತೆಳ್ಳಗೆ ಕಲಸಿದ ಡಬ್ಬಿಯ ಹಾಲು ಬಡವರ ಮನೆಯಲ್ಲಿ ಮೃತ್ಯುವಾಗುತ್ತಿತ್ತು. 1939ರಲ್ಲಿ ಸಿಂಗಪುರದಲ್ಲಿ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬಾಕೆ ಇದನ್ನು ಕೊಲೆಯೆಂದೇ ಸಾರಿದಳು. ಇಂಥ ವ್ಯಾಪಾರಕ್ಕೆ ಜಗತ್ತಿನ ಆರೋಗ್ಯ ಸಂಸ್ಥೆಯು ನಿಯಮಾವಳಿಯನ್ನು ರಚಿಸಿದ್ದು 1981ರಲ್ಲಿ. ಭಾರತವು ಶಾಸನ ಮಾಡಿದ್ದು 1992ರಲ್ಲಿ.

ಈಗ ಚಕ್ರವು ತಿರುಗಿದೆ. ಶ್ರೀಮಂತ ದೇಶಗಳಲ್ಲಿ ವಿದ್ಯೆಯೂ ವಿರಾಮವೂ ಉಳ್ಳ ತಾಯಂದಿರೇ ಹೆಚ್ಚು ಕಾಲ ಹಾಲೂಡಿಸುತ್ತಾರೆ. ಬಡ ದೇಶಗಳಲ್ಲಿ ಬಡ ತಾಯಂದಿರು ಹೆಚ್ಚು ಕಾಲ ಊಡಿಸುತ್ತಾರೆ. ಪ್ರಶ್ನೆ ಮಾತ್ರ ಹಳೆಯದೇ: ಹಾಲೂಡಿಸುವ ಹೊತ್ತಿನ ಕೂಲಿಯನ್ನು ಕೊಡುವವರು ಯಾರು? ನಮ್ಮ ದೇಶದಲ್ಲಿ 1961ರಲ್ಲಿ ಪ್ರಸೂತಿ ರಜೆಯ ಶಾಸನವಾಯಿತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ರಜೆಯು 26 ವಾರಗಳಿಗೆ ಏರಿತು. ಕಚೇರಿಯ ನೌಕರಳಿಗೆ ಅದು ದೊರೆಯುತ್ತದೆ. ಆಕೆಯ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ, ಆಕೆಯ ಮನೆ ಕಟ್ಟಲು ಇಟ್ಟಿಗೆ ಹೊರುವವಳಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಆದುದರಿಂದ, ಮಗುವಿಗೆ ಹಾಲೂಡಿಸದ ತಾಯಿಯನ್ನು ಕಂಡು ದೂರುವ ಮೊದಲು, ಆ ದಿನ ಆಕೆ ಕೆಲಸಕ್ಕೆ ಹೋಗದಿದ್ದರೆ ಸಂಜೆ ಒಲೆ ಉರಿಯುತ್ತಿತ್ತೇ ಎಂದು ನಾವು ಕೇಳಿಕೊಳ್ಳುವುದು ನ್ಯಾಯ. ಲಿಯೋನಿನ ಮಗ್ಗದ ಸದ್ದು ನಮಗೆ ಕಲಿಸುವ ಪಾಠ ಅಷ್ಟೇ.