ಗ್ರೀನ್‌ಲಾ ಕ್ಯಾಮೆರಾ ನಿಂತ ನೆಲೆ: ಹಂಪಿಯ 1856ರ ಛಾಯಾಚಿತ್ರಗಳ ಸ್ಥಳನಿರ್ಣಯ

ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ ಹಂಪಿಯ ದೃಶ್ಯಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದಿಟ್ಟರು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ನೆಲೆಗಳನ್ನು ಹುಡುಕಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ 127 ವರ್ಷಗಳ ಅಳಿವು-ಉಳಿವು ಕಣ್ಣಿಗೆ ಕಟ್ಟುತ್ತದೆ. ಆದರೆ ಈ ಹೋಲಿಕೆಯ ಬೆಲೆಯೆಲ್ಲ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಮೊದಲ ಕ್ಯಾಮೆರಾ ನಿಂತದ್ದು ಎಲ್ಲಿ? ನೆಲೆ ಹತ್ತು ಮಾರು ತಪ್ಪಿದರೂ, ಬಂಡೆಯ ಮರೆಗೆ ಸರಿದ ಮಂಟಪವನ್ನು ಅಳಿದುಹೋದ ಮಂಟಪವೆಂದು ದಾಖಲಿಸುವ ಅಪಾಯವುಂಟು.

ಸ್ಥಳನಿರ್ಣಯಕ್ಕೆ ತೊಡಗಿದವರು ಮೊದಲು ಸ್ಮಾರಕವನ್ನು ಗುರುತಿಸಲು ಹವಣಿಸುವುದು ಸಹಜ. ಹಂಪಿಯಲ್ಲಿ ಸ್ಮಾರಕವೇ ಮೋಸಮಾಡಬಲ್ಲದು. ವಿಠ್ಠಲ ದೇವಾಲಯದ ಕಲ್ಲಿನ ರಥದ ಇಂದಿನ ರೂಪ 2017ರಲ್ಲಿ ಹೊರಬಂದ 50 ರೂಪಾಯಿ ನೋಟಿನಿಂದಾಗಿ ದೇಶಕ್ಕೆಲ್ಲ ಪರಿಚಿತ. ಗ್ರೀನ್‌ಲಾ ಅವರ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದಿನ ರೂಪವನ್ನಷ್ಟೇ ಬಲ್ಲವರು ಅದನ್ನು ಬೇರೊಂದು ಗುಡಿಯೆಂದೇ ಭಾವಿಸಿಯಾರು. ಮರಗಳಂತೂ ಇನ್ನೂ ದುರ್ಬಲ ಸಾಕ್ಷಿ.

ನೆಚ್ಚಬಹುದಾದದ್ದು ಬಂಡೆ. ನಮ್ಮ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಗುಂಡು, ಹುತ್ತ, ಹಳ್ಳ, ಮರಗಳನ್ನು ಹೆಸರಿಸುತ್ತವೆ. ಅವುಗಳಲ್ಲಿ ಕೊನೆಗೂ ಕೈಗೆ ಸಿಗುವುದು ಗುಂಡೇ ಎಂಬುದನ್ನು ಕ್ಷೇತ್ರಕಾರ್ಯ ಮಾಡಿದವರು ಬಲ್ಲರು. ಛಾಯಾಚಿತ್ರಕ್ಕೂ ಇದೇ ನ್ಯಾಯ. ಮಾತಂಗ, ಹೇಮಕೂಟಗಳ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಕುಳಿತ ಬಗೆ, ಅವುಗಳ ಬಿರುಕು ಇಷ್ಟು ಅಲ್ಪಕಾಲದಲ್ಲಿ ಬದಲಾಗುವುದು ಅಪರೂಪ. ಚಿತ್ರದಲ್ಲಿ ಸಮೀಪದ ಗುಂಡೊಂದರ ಅಂಚು ದೂರದ ಬೆಟ್ಟದ ಯಾವ ಬಿಂದುವಿಗೆ ತಾಗುತ್ತದೆಂಬುದನ್ನು ಮೊದಲು ಗುರುತಿಸಬೇಕು. ಅವೆರಡನ್ನು ಜೋಡಿಸುವ ಗೆರೆಯನ್ನು ನಮ್ಮತ್ತ ಎಳೆದರೆ, ಕ್ಯಾಮೆರಾ ಆ ಗೆರೆಯ ಮೇಲೆಲ್ಲೋ ಇತ್ತೆಂದಾಯಿತು. ಇಂಥ ಇನ್ನೊಂದು ಜೋಡಿಯ ಗೆರೆ ಅದನ್ನು ಕತ್ತರಿಸುವ ಬಿಂದುವೇ ನೆಲೆ. ಮೂರನೆಯ ಜೋಡಿ ಪರೀಕ್ಷೆಗೆ. ಚಿತ್ರವನ್ನು ಕೈಯಲ್ಲಿ ಹಿಡಿದು ಎಡಕ್ಕೆ ಸರಿದರೆ ಸಮೀಪದ ಗುಂಡು ಹಿಂದಿನ ಬೆಟ್ಟದೆದುರು ಬಲಕ್ಕೆ ಸರಿಯುತ್ತದೆ. ಮೇಲೆ ಹತ್ತಿದರೆ ತಗ್ಗುತ್ತದೆ. ಅಂಚಿಗೆ ಅಂಚು ಕೂಡಿಬರುವ ತನಕ ಈ ಸರಿದಾಟ ನಡೆಯಬೇಕು.

ಕಾಗದದ ನೆಗೆಟಿವ್‌ಗೆ ತನ್ನದೇ ತೊಡಕೊಂದಿದೆ. ಮೇಣ ಕುಡಿದ ಕಾಗದದ ಮೂಲಕ ಬೆಳಕು ಎರಡೂ ಬದಿಯಿಂದ ಹಾಯುತ್ತದೆ. ಮಗುಚಿ ಮುದ್ರಿಸಿದರೆ ಎಡ ಬಲವಾಗುತ್ತದೆ. ಆಗ ಯಾವ ಜೋಡಿಯೂ ನೆಲದ ಮೇಲೆ ಕೂಡಿಬಾರದು. ಇದನ್ನು ಪತ್ತೆಹಚ್ಚಲು ನೆರಳನ್ನು ನೆಚ್ಚುವವರಿದ್ದಾರೆ, ಆದರೆ ನಡುಹಗಲ ನೆರಳು ಉತ್ತರಕ್ಕೇ ಬೀಳಬೇಕೆಂಬ ಎಣಿಕೆ ಹಂಪಿಗೆ ವರ್ಷಪೂರ್ತಿ ಸಲ್ಲದು. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಈ ನೆಲದಲ್ಲಿ ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ; ನೆರಳು ಗಿಡ್ಡವಾದರೂ ದಕ್ಷಿಣಕ್ಕೆ ಬೀಳುತ್ತದೆ. ನದಿಯನ್ನು ಕೇಳುವುದೇ ಲೇಸು. ಮಾತಂಗ ಬೆಟ್ಟದಿಂದ ಪಶ್ಚಿಮಕ್ಕೆ, ವಿರೂಪಾಕ್ಷ ಗೋಪುರದತ್ತ ನೋಡಿದ ಚಿತ್ರದಲ್ಲಿ ತುಂಗಭದ್ರೆ ಬಲಕ್ಕಿರಬೇಕು, ಹೇಮಕೂಟ ಎಡಕ್ಕೆ.